ಮಡಚು ಚಾಕು: ಜೇಬಿನ ಉಪಕರಣ, ಸಂಗ್ರಹದ ವಸ್ತು

ಅಲಗು ತನ್ನ ಹಿಡಿಯೊಳಗೇ ಮಡಚಿಕೊಂಡು ಕೂರುವಂತೆ ಮಾಡಿದ ಸಣ್ಣ ಚಾಕುವನ್ನು ಮಡಚು ಚಾಕು, ಜೇಬು ಚಾಕು, ಪೆನ್‌ನೈಫ್ ಎಂದು ಕರೆಯುತ್ತಾರೆ. ಇದಕ್ಕೆ ಬೇರೆ ಒರೆ ಬೇಕಿಲ್ಲ, ಹಿಡಿಯೇ ಒರೆ. 17ನೆಯ ಶತಮಾನದಿಂದೀಚೆಗೆ ಇಂಗ್ಲೆಂಡ್, ಫ್ರಾನ್ಸ್, ಜರ್ಮನಿ, ಸ್ವಿಟ್ಜರ್ಲೆಂಡ್, ಅಮೆರಿಕ, ಜಪಾನ್ ಹಾಗೂ ಭಾರತದಲ್ಲಿ ಬೆಳೆದ ಸಾಂಪ್ರದಾಯಿಕ ಬಗೆಗಳನ್ನು ಈ ಲೇಖನ ಪರಿಶೀಲಿಸುತ್ತದೆ. ಇವುಗಳ ಸುತ್ತ ಇಂದು ಎರಡು ಹವ್ಯಾಸಗಳಿವೆ: ಕೂಡಿಡುವುದು ಮತ್ತು ದಿನವೂ ಜೇಬಿನಲ್ಲಿಟ್ಟುಕೊಂಡು ಬಳಸುವುದು. ಸಂಗ್ರಹಕಾರರ ಕೈಪಿಡಿಗಳು ಇವೆರಡನ್ನೂ ಬೇರೆಬೇರೆ ಲೋಕಗಳೆಂಬಂತೆ ನೋಡುತ್ತವೆ; ಬಳಸಿದ ಚಾಕುವಿನ ಬೆಲೆ ಇಳಿಯುತ್ತದೆ, ಬಳಸದ್ದು ಏರುತ್ತದೆ ಎಂಬುದು ಅಲ್ಲಿನ ಮೊದಲ ಪಾಠ. ಆದರೆ ಈ ವಸ್ತುವಿನ ಚರಿತ್ರೆ ಹೇಳುವುದು ಬೇರೆಯದನ್ನು. ಮಡಚು ಚಾಕುವಿನ ಅಳತೆ, ಸ್ಪ್ರಿಂಗು, ಅಲಗಿನ ಆಕಾರ, ಹಿಡಿಯ ವಸ್ತು, ಕೊನೆಗೆ ಅದನ್ನು ನಿಯಂತ್ರಿಸುವ ಕಾನೂನು ಕೂಡ ರೂಪುಗೊಂಡದ್ದು ಅದನ್ನು ಮೈಮೇಲೆ ಒಯ್ಯಬೇಕೆಂಬ ಒಂದೇ ಅಗತ್ಯದಿಂದ. ಆದ್ದರಿಂದ ಒಯ್ಯುವವರ ಅನುಭವವನ್ನು ಬಿಟ್ಟು ಕಟ್ಟಿದ ಸಂಗ್ರಹ ಎಷ್ಟು ದೊಡ್ಡದಿದ್ದರೂ ಅಪೂರ್ಣ.

ಮಡಚುವ ಉಪಾಯ ಬಹಳ ಹಳೆಯದು. ಆಸ್ಟ್ರಿಯಾದ ಹಾಲ್‌ಸ್ಟಾಟ್‌ನಲ್ಲಿ ಸಿಕ್ಕ ಎಲುಬಿನ ಹಿಡಿಯ ಚಾಕು ಕ್ರಿ.ಪೂ. 600-500ರ ಆಸುಪಾಸಿನದು. ಕೇಂಬ್ರಿಜ್‌ನ ಫಿಟ್ಜ್‌ವಿಲಿಯಂ ವಸ್ತುಸಂಗ್ರಹಾಲಯದಲ್ಲಿರುವ ರೋಮನ್ ಕಾಲದ ಬೆಳ್ಳಿಯ ಉಪಕರಣದಲ್ಲಿ ಚಮಚ, ಮುಳ್ಳುಚಮಚ, ಅಲಗು, ಮೊನೆಗಡ್ಡಿ ಎಲ್ಲವೂ ಒಂದೇ ಹಿಡಿಗೆ ಮಡಚಿಕೊಳ್ಳುತ್ತವೆ. ಆದರೆ ಆ ಕಾಲದ ಚಾಕುಗಳಲ್ಲಿ ಅಲಗನ್ನು ತಡೆದು ಹಿಡಿಯುತ್ತಿದ್ದದ್ದು ಕೀಲಿನ ಬಿಗುವೊಂದೇ. ಕೀಲು ಸಡಿಲಾದರೆ ಅಲಗು ತಾನಾಗಿ ತೆರೆದುಕೊಳ್ಳುತ್ತಿತ್ತು. 17ನೆಯ ಶತಮಾನದ ನಡುಭಾಗದಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ಕಸುಬುದಾರರಲ್ಲಿ ಬಳಕೆಗೆ ಬಂದ ಬೆನ್ನಿನ ಸ್ಪ್ರಿಂಗು ಈ ತೊಡಕನ್ನು ಬಿಡಿಸಿತು. ಹಿಡಿಯ ಬೆನ್ನುದ್ದಕ್ಕೂ ಹದ ಕೊಟ್ಟ ಉಕ್ಕಿನ ಪಟ್ಟಿಯೊಂದು ಹಾಯುತ್ತದೆ. ಅದರ ಒಂದು ತುದಿ ಅಲಗಿನ ಬುಡದ ಮೇಲೆ ಸದಾ ಒತ್ತಿಕೊಂಡಿರುತ್ತದೆ. ಬುಡದಲ್ಲಿ ಚಪ್ಪಟೆಯಾದ ಎರಡು ಮುಖಗಳಿವೆ: ತೆರೆದಾಗ ಒಂದರ ಮೇಲೆ, ಮುಚ್ಚಿದಾಗ ಇನ್ನೊಂದರ ಮೇಲೆ ಪಟ್ಟಿ ಕುಳಿತುಕೊಳ್ಳುತ್ತದೆ. ನಡುವೆ ಅಲಗನ್ನು ತಿರುಗಿಸುವಾಗ ಬುಡದ ಮೂಲೆ ಪಟ್ಟಿಯನ್ನು ಮೇಲೆತ್ತುತ್ತದೆ, ಮೂಲೆ ದಾಟಿದೊಡನೆ ಪಟ್ಟಿ ಟಕ್ಕೆಂದು ಕೆಳಗೆ ಬೀಳುತ್ತದೆ. ಕೆಲವು ಬಗೆಗಳಲ್ಲಿ ಅಲಗು ಅರ್ಧ ತೆರೆದಾಗ ಮೂರನೆಯ ನಿಲುಗಡೆಯೂ ಇರುತ್ತದೆ. ಮುಚ್ಚುವಾಗ ಬೆರಳನ್ನು ಹಿಂತೆಗೆಯಲು ಅದು ಸಮಯ ಕೊಡುತ್ತದೆ. ಇಲ್ಲಿ ಬೀಗವಿಲ್ಲ. ಸಾಕಷ್ಟು ಒತ್ತಿದರೆ ಅಲಗು ಮುಚ್ಚಿಕೊಳ್ಳುತ್ತದೆ.

ಇಷ್ಟು ಸರಳವಾದ ರಚನೆಯನ್ನು ಸರಿಯಾಗಿ ಕೂಡಿಸುವುದು ಮಾತ್ರ ಸುಲಭವಲ್ಲ. ತೆರೆದಾಗಲೂ ಮುಚ್ಚಿದಾಗಲೂ ಸ್ಪ್ರಿಂಗಿನ ಬೆನ್ನು ಹಿಡಿಯ ಅಂಚಿಗೆ ಸಮವಾಗಿ, ಕೈಗೆ ತಡೆಯದಂತೆ ನಿಲ್ಲಬೇಕು. ಅಲಗಿಗೆ ಬೇಕಾದ ಹದ ಬೇರೆ, ಸ್ಪ್ರಿಂಗಿಗೆ ಬೇಕಾದದ್ದು ಬೇರೆ: ಅಲಗು ಬಾಯಿ ಹಿಡಿಯುವಷ್ಟು ಗಡುಸಾಗಿರಬೇಕು, ಸ್ಪ್ರಿಂಗು ಸಾವಿರಾರು ಸಲ ಬಾಗಿಯೂ ಮುರಿಯದಷ್ಟು ಬಳುಕಬೇಕು. ಮಡಚಿದಾಗ ಅಲಗಿನ ಮೊನೆ ಹಿಡಿಯ ಹೊರಗೆ ಕೂದಲೆಳೆಯಷ್ಟೂ ಇಣುಕಬಾರದು, ಹರಿತವಾದ ಬಾಯಿ ಒಳಗಿನ ಸ್ಪ್ರಿಂಗಿಗೆ ತಾಗಿ ಮೊಂಡಾಗಲೂ ಬಾರದು. ಎರಡು ಮೂರು ಅಲಗುಗಳಿದ್ದರೆ ಅವು ಒಂದನ್ನೊಂದು ಉಜ್ಜದಂತೆ ಪ್ರತಿಯೊಂದನ್ನೂ ಒಂದಿಷ್ಟು ಬಾಗಿಸಿ ಕೂರಿಸುತ್ತಾರೆ. ನುರಿತವರು ಚಾಕುವನ್ನು ತೆರೆದು ಮುಚ್ಚಿ, ಅಲಗಿನ ನಡಿಗೆಯನ್ನೂ ಅದು ಕೂರುವಾಗಿನ ಸದ್ದನ್ನೂ ಗಮನಿಸಿಯೇ ಕೆಲಸದ ಗುಣವನ್ನು ಅಳೆಯುತ್ತಾರೆ. ಈ ನಿಯಮಗಳಲ್ಲಿ ಹೆಚ್ಚಿನವು ಕತ್ತರಿಸುವ ಕೆಲಸಕ್ಕೆ ಸಂಬಂಧಿಸಿದವಲ್ಲ ಎಂಬುದನ್ನು ಗಮನಿಸಬೇಕು. ಸೇಬು ಹೆಚ್ಚಲು ಸಮವಾದ ಬೆನ್ನು ಬೇಕಿಲ್ಲ, ಹಗ್ಗ ಕೊಯ್ಯಲು ಉರುಟಾದ ಮೂಲೆ ಬೇಕಿಲ್ಲ. ಬಟ್ಟೆ ಹರಿಯದೆ, ತೊಡೆಗೆ ಚುಚ್ಚದೆ, ಬೀಗದಕೈ ಮತ್ತು ನಾಣ್ಯಗಳ ನಡುವೆ ತೆಪ್ಪಗೆ ಬಿದ್ದಿರಬೇಕಾದ ವಸ್ತುವಿಗೆ ಅವು ಬೇಕು.

ಅಲಗಿನ ಆಕಾರಗಳಲ್ಲಿ ಒಯ್ದವರ ದಿನಚರಿ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಹಕ್ಕಿಯ ಗರಿಯ ಲೇಖನಿಯನ್ನು ಮತ್ತೆಮತ್ತೆ ಕೆತ್ತಿ ಮೊನೆ ಮಾಡಬೇಕಾಗಿದ್ದ ಕಾಲದಲ್ಲಿ ಸಣ್ಣ ತೆಳು ಅಲಗಿನ ಚಾಕು ಬರೆಯುವವರೆಲ್ಲರ ಸಂಗಾತಿಯಾಗಿತ್ತು. ಅಮೆರಿಕದ ದನಗಾಹಿಗಳಿಗಾಗಿ ಬೆಳೆದ ಸ್ಟಾಕ್‌ಮನ್ ಬಗೆಯಲ್ಲಿ ಮೂರು ಅಲಗುಗಳು: ಸಾಮಾನ್ಯ ಕೆಲಸಕ್ಕೆ ಮೊನೆಯುಳ್ಳದ್ದು ಒಂದು, ಪ್ರಾಣಿಯ ಮೈಗೆ ಮೊನೆ ತಾಗದಂತೆ ನೇರ ಬಾಯಿಯದ್ದು ಇನ್ನೊಂದು, ದನಗಳ ಬೀಜ ತೆಗೆಯಲು ಮೊಂಡು ತುದಿಯದ್ದು ಮತ್ತೊಂದು. ಟ್ರ್ಯಾಪರ್ ಎಂಬ ಬಗೆ ಬೇಟೆಗಾರರದು. ಶೆಫೀಲ್ಡಿನಿಂದ ಹೊರಟ ಬಾರ್ಲೊ ಬಗೆಯಲ್ಲಿ ಕೀಲಿನ ಬಳಿಯ ಕಬ್ಬಿಣದ ಕವಚ ಉದ್ದವಾಗಿದ್ದು, ಅಗ್ಗದ ಚಾಕುವಿನ ಅತಿ ದುರ್ಬಲ ಭಾಗಕ್ಕೆ ಬಲ ಕೊಡುತ್ತದೆ. ಮಾರ್ಕ್ ಟ್ವೈನ್ 1876ರ ಕಾದಂಬರಿಯಲ್ಲಿ ಟಾಮ್ ಸಾಯರ್‌ನಿಗೆ ಉಡುಗೊರೆಯಾಗಿ ಕೊಡಿಸುವುದು ಇಂಥದ್ದೇ ಚಾಕು. ಫ್ರಾನ್ಸಿನ ಲಗ್ಯೋಲ್ ಎಂಬ ಹಳ್ಳಿಯ ಚಾಕು ಒಯ್ದವರ ದಿನಚರಿಗೆ ಇವೆಲ್ಲಕ್ಕಿಂತ ಒಳ್ಳೆಯ ಸಾಕ್ಷಿ. ಅದರ ಮೂಲವನ್ನು 1829ರಲ್ಲಿ ಪಿಯೆರ್ ಜ್ಯಾಂ ಕಾಲ್ಮೆಲ್ಸ್ ಮಾಡಿದ ಚಾಕುವಿಗೆ ಗುರುತಿಸುತ್ತಾರೆ. 1840ರ ಸುಮಾರಿಗೆ, ಹೊಟ್ಟೆಯುಬ್ಬರ ಬಂದ ದನದ ಗಾಳಿ ತೆಗೆಯಲು ಚುಚ್ಚುವ ದಬ್ಬಳದಂಥ ಮೊನೆ ಅದಕ್ಕೆ ಸೇರಿತು. ಮುಂದೆ ಆ ಸೀಮೆಯ ಜನ ಹೊಟ್ಟೆಪಾಡಿಗಾಗಿ ಪ್ಯಾರಿಸ್‌ಗೆ ಗುಳೆ ಹೋಗಿ ಕಾಫಿ-ಮದ್ಯದಂಗಡಿಗಳಲ್ಲಿ ದುಡಿಯತೊಡಗಿದಾಗ, 1880ರ ಹೊತ್ತಿಗೆ ಸೀಸೆಯ ಬಿರಡೆ ತೆಗೆಯುವ ತಿರುಪು ಬಂತು. ಒಂದು ಊರಿನ ಜನ ಎಲ್ಲಿಂದ ಎಲ್ಲಿಗೆ ನಡೆದರೆಂಬುದು ಅವರ ಜೇಬಿನ ಚಾಕುವಿನಲ್ಲೇ ದಾಖಲಾಗಿದೆ.

ಈ ಕಸುಬಿನ ದೊಡ್ಡ ಕೇಂದ್ರವಾಗಿ ಶೆಫೀಲ್ಡ್ ಬೆಳೆದದ್ದಕ್ಕೆ ನೀರು, ಸಾಣೆಕಲ್ಲು, ಉಕ್ಕು ಮೂರೂ ಕಾರಣ. ಸುತ್ತಲಿನ ಹಳ್ಳಗಳು ಸಾಣೆಚಕ್ರಗಳನ್ನು ತಿರುಗಿಸುತ್ತಿದ್ದವು. ಹತ್ತಿರದಲ್ಲೇ ಸಾಣೆಗೆ ತಕ್ಕ ಮರಳುಗಲ್ಲು ಸಿಗುತ್ತಿತ್ತು. 1624ರಲ್ಲಿ ಶಾಸನದ ಮೂಲಕ ಸ್ಥಾಪನೆಯಾದ ಚಾಕು ಕಸುಬುದಾರರ ಸಂಘ ಒಬ್ಬೊಬ್ಬರಿಗೂ ಒಂದೊಂದು ಮುದ್ರೆ ಕೊಟ್ಟು, ಅದನ್ನು ಕಾಪಾಡುವ ಹೊಣೆ ಹೊತ್ತಿತು. 1740ರ ದಶಕದಲ್ಲಿ ಬೆಂಜಮಿನ್ ಹಂಟ್ಸ್‌ಮನ್ ಮೂಸೆಯಲ್ಲಿ ಉಕ್ಕನ್ನು ಪೂರ್ತಿ ಕರಗಿಸುವ ವಿಧಾನ ರೂಢಿಸಿದ್ದರಿಂದ ಅಲಗಿನ ಗುಣ ಒಂದೇ ಸಮನಾಯಿತು. ಮೂಸೆಯ ಉಕ್ಕು ದಕ್ಷಿಣ ಭಾರತದಲ್ಲಿ ಅದಕ್ಕಿಂತ ಬಹಳ ಹಿಂದಿನಿಂದ ಇತ್ತು. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಕಬ್ಬಿಣ ಮತ್ತು ಉಕ್ಕಿನ ಕುಲುಮೆಗಳನ್ನು ವಿವರವಾಗಿ ಬರೆದಿದ್ದಾನೆ. ಐರೋಪ್ಯರು ವೂಟ್ಜ್ ಎಂದು ಕರೆದ ಈ ಉಕ್ಕಿನ ಮಾದರಿಗಳು ಮುಂಬಯಿಯಿಂದ ಲಂಡನ್ನಿಗೆ ಹೋದಾಗ ಜಾರ್ಜ್ ಪಿಯರ್ಸನ್ ಅವನ್ನು ಪರೀಕ್ಷಿಸಿ 1795ರಲ್ಲಿ ರಾಯಲ್ ಸೊಸೈಟಿಗೆ ಪ್ರಬಂಧ ಸಲ್ಲಿಸಿದ. ಅವನ ಕೋರಿಕೆಯಂತೆ ಜೇಮ್ಸ್ ಸ್ಟೊಡಾರ್ಟ್ ಎಂಬ ಲಂಡನ್ನಿನ ಚಾಕು ತಯಾರಕ ಆ ಉಕ್ಕಿನ ತುಂಡನ್ನು ಬಡಿದು ಮಾಡಿದ ವಸ್ತು ಒಂದು ಪೆನ್‌ನೈಫ್. ಉಕ್ಕಿನ ನಿಜವಾದ ಪರೀಕ್ಷೆಗೆ ಅವರು ಖಡ್ಗವನ್ನಾಗಲಿ ಕವಚವನ್ನಾಗಲಿ ಆರಿಸಲಿಲ್ಲ. ತೆಳುವಾದ ಬಾಯಿ ದಿನದಿನದ ಬಳಕೆಯಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆಂಬುದನ್ನು ಸಣ್ಣ ಚಾಕುವೇ ಹೇಳಬಲ್ಲದೆಂದು ಬಲ್ಲವರಾಗಿದ್ದರು. ಇದೇ ಸ್ಟೊಡಾರ್ಟ್ ಮುಂದೆ ಮೈಕೆಲ್ ಫ್ಯಾರಡೆಯೊಡನೆ ಸೇರಿ ಉಕ್ಕಿನ ಮಿಶ್ರಲೋಹಗಳ ಪ್ರಯೋಗ ನಡೆಸಿದ.

ಜೇಬನ್ನು ಮರೆತು ಮಾಡಿದ ಚಾಕುಗಳೂ ಶೆಫೀಲ್ಡಿನಲ್ಲಿವೆ, ಅವು ಈ ವಾದಕ್ಕೆ ಇನ್ನೊಂದು ದಿಕ್ಕಿನಿಂದ ಬೆಂಬಲ ಕೊಡುತ್ತವೆ. ಜೋಸೆಫ್ ರಾಜರ್ಸ್ ಸಂಸ್ಥೆ 1822ರಲ್ಲಿ ಅಷ್ಟೇ ಸಂಖ್ಯೆಯ ಅಲಗುಗಳುಳ್ಳ ‘ವರ್ಷದ ಚಾಕು’ವನ್ನು ಮಾಡಿತು, ಮುಂದಿನ ವರ್ಷಗಳ ಲೆಕ್ಕಕ್ಕೆ ಅಲಗುಗಳು ಅದಕ್ಕೆ ಸೇರುತ್ತ ಬಂದವು. 1851ರ ಲಂಡನ್ ಮಹಾಪ್ರದರ್ಶನಕ್ಕೆ ಅದೇ ಸಂಸ್ಥೆ ಕಳಿಸಿದ ನಾರ್ಫೋಕ್ ಚಾಕುವಿನಲ್ಲಿ 75 ಅಲಗು ಮತ್ತು ಉಪಕರಣಗಳಿವೆ. ಕೈಚಳಕದ ದೃಷ್ಟಿಯಿಂದ ಇವು ಬೆರಗು ಹುಟ್ಟಿಸುತ್ತವೆ, ಇವನ್ನು ಉಳಿಸಿಕೊಂಡವರಿಗೆ ನಾವು ಋಣಿಗಳು. ಆದರೂ ಇವುಗಳಿಂದ ಒಂದೇ ಒಂದು ಹೊಸ ಬಗೆ ಹುಟ್ಟಲಿಲ್ಲ. ಬಾರ್ಲೊ, ಸ್ಟಾಕ್‌ಮನ್, ಟ್ರ್ಯಾಪರ್‌ಗಳನ್ನು ಹತ್ತಾರು ಕಾರ್ಖಾನೆಗಳು ಶತಮಾನಕ್ಕೂ ಹೆಚ್ಚು ಕಾಲ ಮಾಡುತ್ತ, ತಿದ್ದುತ್ತ ಬಂದಿವೆ. ಪ್ರದರ್ಶನದ ಚಾಕುವನ್ನು ಯಾರೂ ಒಯ್ಯಲಿಲ್ಲವಾದ್ದರಿಂದ ಅದರಲ್ಲಿ ತಿದ್ದಬೇಕಾದದ್ದೇನೆಂದು ಯಾರೂ ಹೇಳಲೂ ಇಲ್ಲ.

ಈ ಪರಂಪರೆಯನ್ನು ಮೆಚ್ಚುವವರು ಎದುರಿಸಲೇಬೇಕಾದ ಒಂದು ಆಕ್ಷೇಪವಿದೆ. ಚಂದದ ಹಳೆಯ ಚಾಕುಗಳ ಹಿಂದೆ ಸತ್ತವರ ಸಾಲೇ ಇದೆ. ಒಣ ಕಲ್ಲಿನ ಮೇಲೆ ಸಾಣೆ ಹಿಡಿಯುವಾಗ ಏಳುವ ಕಲ್ಲುಪುಡಿ ಮತ್ತು ಉಕ್ಕಿನ ಪುಡಿ ಶ್ವಾಸಕೋಶ ತುಂಬಿ, ಶೆಫೀಲ್ಡಿನ ಸಾಣೆಗಾರರು ಹರೆಯದಲ್ಲೇ ಸಾಯುತ್ತಿದ್ದರು. 19ನೆಯ ಶತಮಾನದ ಮೊದಲರ್ಧದಲ್ಲಿ ಆ ಊರಿನ ವೈದ್ಯರು ಇದನ್ನು ಸಾಣೆಗಾರರ ಉಬ್ಬಸವೆಂದು ದಾಖಲಿಸಿದರು. ಸಮಾಜವಾದಿ ಚಿಂತಕ ಎಂಗೆಲ್ಸ್ 1845ರ ತನ್ನ ಪುಸ್ತಕದಲ್ಲಿ ಇಂಗ್ಲೆಂಡಿನ ಕಾರ್ಮಿಕರ ಸ್ಥಿತಿಗೆ ಅದನ್ನು ಉದಾಹರಣೆಯಾಗಿ ಬಳಸಿದ. ಫ್ರಾನ್ಸಿನ ಥಿಯೆರ್‌ನಲ್ಲಿ ಡ್ಯುರೊಲ್ ನದಿಯ ದಂಡೆಯ ಸಾಣೆಗಾರರು ಹಲಗೆಯ ಮೇಲೆ ಬೋರಲಾಗಿ ಮಲಗಿ, ಕೆಳಗೆ ತಿರುಗುವ ಕಲ್ಲಿಗೆ ಅಲಗು ಒತ್ತುತ್ತಿದ್ದರು. ಚಳಿ ತಡೆಯಲು ಕಾಲಿನ ಮೇಲೆ ನಾಯಿ ಮಲಗಿಸಿಕೊಳ್ಳುತ್ತಿದ್ದರು. ಇದನ್ನೆಲ್ಲ ಮರೆಮಾಚಿ ಹಳೆಯ ಚಾಕುವನ್ನು ಕೊಂಡಾಡುವುದು ಸಲ್ಲದು. ಆದರೆ ಇದರಿಂದ ಪರಂಪರೆಯೇ ತ್ಯಾಜ್ಯವೆಂದು ತೀರ್ಮಾನಿಸುವುದೂ ಸರಿಯಲ್ಲ. ಕೊಂದದ್ದು ಗಾಳಿಯಾಡದ ಕೋಣೆ, ಒಣ ಕಲ್ಲು ಮತ್ತು ತುಂಡುಗೂಲಿಯ ಅವಸರ. ಧೂಳು ಹೀರುವ ಯಂತ್ರ, ನೀರಿನ ಸಾಣೆ, ಕೃತಕ ಸಾಣೆಚಕ್ರಗಳು ಬಂದ ಮೇಲೂ ಚಾಕುವಿನ ರೂಪ ಬದಲಾಗಲಿಲ್ಲ. ಹಾಗಾಗಿ ಸಂಗ್ರಹಾಲಯಗಳು ಚಾಕುವಿನ ಪಕ್ಕದಲ್ಲಿ ಸಾಣೆಗಾರನ ಕಥೆಯನ್ನೂ ಇಡಬೇಕು; ಕೆಲವು ಇಟ್ಟಿವೆ ಕೂಡ.

ಬಡವರ ಜೇಬು ತನ್ನದೇ ಬಗೆಗಳನ್ನು ಬೆಳೆಸಿತು. ಫ್ರಾನ್ಸಿನ ಸವಾಯ್ ಬೆಟ್ಟಗಳಲ್ಲಿ ಜೋಸೆಫ್ ಒಪಿನೆಲ್ 1890ರಲ್ಲಿ ಮಾಡಿದ ಚಾಕುವಿಗೆ ಸ್ಪ್ರಿಂಗೇ ಇಲ್ಲ. ಬೀಚ್ ಮರದ ಒಂದೇ ತುಂಡಿನ ಹಿಡಿ, ಅದರಲ್ಲೊಂದು ಸೀಳು, ಒಂದು ಕೀಲು, ಒಂದು ಅಲಗು. 1897ರ ಹೊತ್ತಿಗೆ 1ರಿಂದ 12ರವರೆಗಿನ ಅಳತೆಗಳಲ್ಲಿ ಬಂದು ರೈತರನ್ನೂ ರೈಲ್ವೆ ಕೆಲಸಗಾರರನ್ನೂ ತಲುಪಿತು. ತೆರೆದ ಅಲಗು ಕೈಮೇಲೆ ಮುಚ್ಚಿಕೊಳ್ಳದಂತೆ ತಡೆಯುವ ತಿರುಗುವ ಉಂಗುರ ಸೇರಿದ್ದು 1955ರಲ್ಲಿ. ಜಪಾನಿನ ಮಿಕಿ ಪಟ್ಟಣದ ಹಿಗೊನೊಕಾಮಿ ಇನ್ನೂ ಸರಳ. ಮೀಜಿ ಕಾಲದ ಕೊನೆಯ ದಶಕಗಳಲ್ಲಿ ಬಂದ ಈ ಚಾಕುವಿನ ಹಿಡಿ ಮಡಚಿದ ತಗಡು. ಅಲಗಿನ ಬುಡದಿಂದ ಹೊರಚಾಚಿದ ಸಣ್ಣ ನಾಲಿಗೆಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದರೆ ಅದೇ ಬೀಗ. ಶಾಲೆಯ ಮಕ್ಕಳೆಲ್ಲ ಪೆನ್ಸಿಲ್ ಕೆತ್ತಲು ಅದನ್ನೇ ಒಯ್ಯುತ್ತಿದ್ದರು. ಸ್ವಿಟ್ಜರ್ಲೆಂಡಿನ ಇಬಾಕ್‌ನ ಕಾರ್ಲ್ ಎಲ್ಸೆನರ್ 1891ರಲ್ಲಿ ಸೇನೆಗೆ ಒದಗಿಸತೊಡಗಿದ ಸೈನಿಕರ ಚಾಕುವಿನಲ್ಲಿ ಅಲಗಿನ ಜೊತೆ ಡಬ್ಬಿ ತೆರೆಯುವ ಸಾಧನ, ತೂತು ಕೊರೆಯುವ ಮೊನೆ, ಬಂದೂಕು ಬಿಚ್ಚಲು ತಿರುಪುಳಿ ಇದ್ದವು. ಅದು ಭಾರವೆನಿಸಿದ್ದರಿಂದ 1897ರಲ್ಲಿ ಹಗುರವಾದ ಅಧಿಕಾರಿಗಳ ಚಾಕು ಬಂತು. ಒಂದೇ ಸ್ಪ್ರಿಂಗು ಹಿಡಿಯ ಎರಡೂ ಬದಿಯ ಉಪಕರಣಗಳಿಗೆ ಒತ್ತು ಕೊಡುವಂತೆ ಮಾಡಿದ್ದು ಅದರ ಜಾಣ್ಮೆ. ಇಂದು ಜಗತ್ತಿಗೆಲ್ಲ ಗೊತ್ತಿರುವ ಕೆಂಪು ಹಿಡಿಯ ಚಾಕು ಅದರ ಸಂತತಿ. ಇದರ ಹುಟ್ಟಿಗೆ ಕಾರಣವಾದ ದೂರು ಜೇಬಿನ ತೂಕದ್ದು ಎಂಬುದು ನೆನಪಿನಲ್ಲಿಡಬೇಕಾದ ಸಂಗತಿ.

ಚಾಕು ಆಯುಧವೂ ಹೌದಲ್ಲವೇ, ಅದನ್ನು ಜೇಬಿನಲ್ಲಿಟ್ಟು ತಿರುಗುವುದನ್ನು ಪರಂಪರೆಯೆಂದು ಒಪ್ಪಬೇಕೇ ಎಂಬುದು ಎಲ್ಲಕ್ಕಿಂತ ಗಂಭೀರವಾದ ಆಕ್ಷೇಪ. ಇದಕ್ಕೆ ಒಳ್ಳೆಯ ಉತ್ತರ ಹಲವು ದೇಶಗಳ ಕಾನೂನುಗಳಲ್ಲೇ ಇದೆ. ಬ್ರಿಟನ್ನಿನ 1988ರ ಕ್ರಿಮಿನಲ್ ನ್ಯಾಯ ಕಾಯ್ದೆ ಸಾರ್ವಜನಿಕ ಸ್ಥಳದಲ್ಲಿ ಹರಿತವಾದ ವಸ್ತುಗಳನ್ನು ಕಾರಣವಿಲ್ಲದೆ ಒಯ್ಯುವುದನ್ನು ಅಪರಾಧವಾಗಿಸಿದೆ. ಆದರೆ ಬಾಯಿ 3 ಅಂಗುಲ, ಅಂದರೆ 7.62 ಸೆಂ.ಮೀ. ಮೀರದ ಮಡಚುವ ಜೇಬು ಚಾಕುವಿಗೆ ವಿನಾಯಿತಿ ಕೊಟ್ಟಿದೆ. ಬೀಗವಿರುವ ಚಾಕು ಈ ವಿನಾಯಿತಿಯೊಳಗೆ ಬರುವುದಿಲ್ಲವೆಂದು 1990ರ ದಶಕದಲ್ಲಿ ನ್ಯಾಯಾಲಯ ತೀರ್ಪಿತ್ತಿತು. ಹೀಗಾಗಿ ಮುನ್ನೂರು ವರ್ಷ ಹಳೆಯದಾದ ಬೀಗವಿಲ್ಲದ ಸ್ಪ್ರಿಂಗು ಕಾನೂನಿನ ಕಣ್ಣಿನಲ್ಲಿ ಶಾಂತವಾದ ಉಪಕರಣದ ಗುರುತಾಯಿತು. ಇರಿಯಹೊರಟರೆ ಕೈಮೇಲೆಯೇ ಮುಚ್ಚಿಕೊಳ್ಳಬಹುದಾದ ಚಾಕು ಇರಿತಕ್ಕೆ ಒದಗುವುದಿಲ್ಲ, ಹಣ್ಣು ಹೆಚ್ಚಲು ಒದಗುತ್ತದೆ. ಭಾರತದ ಶಸ್ತ್ರ ನಿಯಮಗಳು 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲವಾದ ಅಲಗುಗಳನ್ನು ಶಸ್ತ್ರಗಳ ಪಟ್ಟಿಗೆ ಸೇರಿಸಿವೆ. ಮನೆ, ಬೇಸಾಯ, ವಿಜ್ಞಾನ, ಕೈಗಾರಿಕೆಗೆಂದೇ ಮಾಡಿದವುಗಳನ್ನು ಹೊರಗಿಟ್ಟಿವೆ. ದೆಹಲಿಯ 1980ರ ಅಧಿಸೂಚನೆ ಗುಂಡಿಯ ಚಾಕು, ಹಲ್ಲುಗಾಲಿಯ ಚಾಕುಗಳನ್ನು ಹೆಸರಿಸಿ, 7.62 ಸೆಂ.ಮೀ. ಉದ್ದ ಮತ್ತು 1.72 ಸೆಂ.ಮೀ. ಅಗಲದ ಮಿತಿ ಹಾಕಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನ ಸರ್ಕಾರಿ ಅಂಕಿಅಂಶಗಳ ಪ್ರಕಾರ ಹರಿತವಾದ ವಸ್ತುಗಳಿಂದಾದ ಕೊಲೆಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಬಳಕೆಯಾಗಿರುವುದು ಅಡುಗೆಮನೆಯ ಚಾಕು. ಒಯ್ಯುವ ಹಕ್ಕಿಗೆ ಮಿತಿ ಬೇಕೆಂಬುದನ್ನು ಇದು ಅಲ್ಲಗಳೆಯುವುದಿಲ್ಲ. ವಿಮಾನದ ಒಳಗೆ, ಶಾಲೆಯಲ್ಲಿ, ನ್ಯಾಯಾಲಯದಲ್ಲಿ ಚಾಕುವಿಗೆ ಜಾಗವಿಲ್ಲ. ಯಾವ ಊರಿಗೆ ಹೋದರೂ ಅಲ್ಲಿನ ನಿಯಮ ತಿಳಿದುಕೊಂಡೇ ಚಾಕು ಜೇಬಿಗಿಳಿಸಬೇಕು. ಆದರೆ ರೂಪ ನೋಡಿ ಭೇದ ಮಾಡುವ ಕಾನೂನು, ಚಾಕು ಎಂಬ ಹೆಸರಿಗೇ ಹೆದರುವ ಕಾನೂನಿಗಿಂತ ಹೆಚ್ಚು ವಿವೇಕದ್ದು.

ಜಪಾನಿನ ಅನುಭವ ಆ ಹೆದರಿಕೆಯ ಪರಿಣಾಮವನ್ನು ತೋರಿಸುತ್ತದೆ. 1960ರಲ್ಲಿ ಸಮಾಜವಾದಿ ನಾಯಕ ಅಸನುಮಾ ಇನೆಜಿರೊ ಅವರನ್ನು 17 ವರ್ಷದ ಹುಡುಗನೊಬ್ಬ ಭಾಷಣದ ವೇದಿಕೆಯ ಮೇಲೆಯೇ ಗಿಡ್ಡ ಕತ್ತಿಯಿಂದ ಇರಿದು ಕೊಂದ. ಅದರ ಬೆನ್ನಿಗೆ ಮಕ್ಕಳ ಕೈಯಿಂದ ಚಾಕು ಬಿಡಿಸುವ ಚಳವಳಿ ನಡೆಯಿತು, ಪೆನ್ಸಿಲ್ ಚೂಪು ಮಾಡುವ ಯಂತ್ರಗಳೂ ಅದೇ ಕಾಲಕ್ಕೆ ಮನೆಮನೆಗೆ ಬಂದವು. ಕೊಂದ ಆಯುಧಕ್ಕೂ ಹಿಗೊನೊಕಾಮಿಗೂ ಸಂಬಂಧವೇ ಇರಲಿಲ್ಲ. ಆದರೂ ಮಿಕಿಯಲ್ಲಿ ಹತ್ತಾರು ಮಂದಿ ಮಾಡುತ್ತಿದ್ದ ಕೆಲಸ ಕೊನೆಗೆ ನಾಗಾವೊ ಕುಟುಂಬದ ಒಂದೇ ಕಾರ್ಯಾಗಾರಕ್ಕೆ ಇಳಿಯಿತು. ಇದಕ್ಕೆ ಎದುರಾಗಿ ನಾಗಾನೊ ಪ್ರಾಂತದ ಪ್ರಾಥಮಿಕ ಶಾಲೆಯೊಂದು ಇಂದಿಗೂ ಮಕ್ಕಳ ಕೈಗೆ ಹಿಗೊನೊಕಾಮಿ ಕೊಟ್ಟು ಪೆನ್ಸಿಲ್ ಕೆತ್ತುವುದನ್ನೂ ಹಣ್ಣು ಸುಲಿಯುವುದನ್ನೂ ಕಲಿಸುತ್ತಿದೆ. ಜಪಾನಿನ ಹೊರಗಿನ ಸಂಗ್ರಹಕಾರರು ಈ ಚಾಕುವನ್ನು ಅಪಾರವಾಗಿ ಮೆಚ್ಚಿ ಕೊಳ್ಳುವುದರಿಂದ ಕಾರ್ಯಾಗಾರಕ್ಕೆ ಆದಾಯ ಬರುತ್ತದೆ, ಅದು ಸಣ್ಣ ಮಾತಲ್ಲ. ಆದರೆ ಆ ಚಾಕು ಮೊಂಡಾದಾಗ ಸಾಣೆಕಲ್ಲಿನ ಮೇಲೆ ಅದನ್ನು ಹೇಗೆ ಹಿಡಿಯಬೇಕೆಂಬ ತಿಳಿವಳಿಕೆ ಉಳಿಯುತ್ತಿರುವುದು ಅಂಥ ಶಾಲೆಯ ಮಕ್ಕಳ ಕೈಯಲ್ಲಿ.

ಸಂಗ್ರಹದ ಹವ್ಯಾಸ ಅತ್ಯಂತ ವ್ಯವಸ್ಥಿತವಾಗಿ ಬೆಳೆದದ್ದು ಅಮೆರಿಕದಲ್ಲಿ. ಅಲ್ಲಿನ ಸಂಗ್ರಹಕಾರ ಮೊದಲು ಓದುವುದು ಅಲಗಿನ ಬುಡದ ಮುದ್ರೆಯನ್ನು. 1890ರ ಮ್ಯಾಕಿನ್ಲಿ ಸುಂಕ ಕಾಯ್ದೆ ಆಮದು ಸರಕಿನ ಮೇಲೆ ತಯಾರಾದ ದೇಶದ ಹೆಸರನ್ನು ಕಡ್ಡಾಯ ಮಾಡಿದ್ದರಿಂದ, ಮುದ್ರೆಯಲ್ಲಿ ಇಂಗ್ಲೆಂಡ್ ಎಂದಿದ್ದರೆ ಅದು ಬಹುತೇಕ 1891ರ ನಂತರದ ಚಾಕು. ಆ ಸುಂಕವೇ ಶೆಫೀಲ್ಡಿನ ರಫ್ತಿಗೆ ಪೆಟ್ಟು ಕೊಟ್ಟು ಅಮೆರಿಕದ ಕಾರ್ಖಾನೆಗಳನ್ನು ಬೆಳೆಸಿತು. ಪೆನ್ಸಿಲ್ವೇನಿಯಾದ ಬ್ರ್ಯಾಡ್‌ಫರ್ಡ್‌ನ ಕೇಸ್ ಕಂಪನಿ 1970ರಿಂದ ಮುದ್ರೆಯ ಕೆಳಗೆ ಹತ್ತು ಚುಕ್ಕಿಗಳನ್ನಿಟ್ಟು ವರ್ಷಕ್ಕೊಂದರಂತೆ ಕಳೆಯುತ್ತ ಬಂತು. ಚುಕ್ಕಿ ಎಣಿಸಿದರೆ ವರ್ಷ ತಿಳಿಯುತ್ತದೆ. ಅದರ ಮಾದರಿ ಸಂಖ್ಯೆಯೂ ಅರ್ಥವುಳ್ಳದ್ದು: 6318ರಲ್ಲಿ 6 ಎಂದರೆ ಎಲುಬಿನ ಹಿಡಿ, 3 ಅಲಗುಗಳ ಲೆಕ್ಕ, 18 ಸ್ಟಾಕ್‌ಮನ್ ಬಗೆಯ ಚೌಕಟ್ಟು. ಇಂಥ ವಿವರಗಳನ್ನು ಕಲೆಹಾಕಿದ್ದು ಸರ್ಕಾರವಲ್ಲ, ವಿಶ್ವವಿದ್ಯಾಲಯವಲ್ಲ, ಸಂಗ್ರಹಕಾರರೇ. ಖೋಟಾ ಮುದ್ರೆಯ ಚಾಕುಗಳನ್ನು ಪತ್ತೆ ಹಚ್ಚುವ ವಿದ್ಯೆಯೂ ಅವರದೇ. ಬಳಸಿದರೆ ಸಾಕ್ಷ್ಯ ಅಳಿಯುತ್ತದೆ, ಆದ್ದರಿಂದ ಒಯ್ಯುವಿಕೆಯೇ ಚರಿತ್ರೆಯ ಶತ್ರು ಎಂದು ಅವರು ವಾದಿಸಿದರೆ ಅದರಲ್ಲಿ ಹುರುಳಿದೆ. ಮೂಲ ಸಾಣೆಯ ಗೀರು, ಮುದ್ರೆಯ ಅಂಚು, ಅಲಗಿನ ನಿಜವಾದ ಅಗಲ ಇವು ಸಾಣೆಯಿಂದ ಸಾಣೆಗೆ ಸವೆಯುತ್ತವೆ, ಮತ್ತೆ ಬರುವುದಿಲ್ಲ. ಅಪರೂಪದ, ಒಂದೆರಡೇ ಉಳಿದಿರುವ ಚಾಕುವನ್ನು ಜೇಬಿಗೆ ಹಾಕುವುದು ತಪ್ಪೇ.

ಆದರೆ ಪೆಟ್ಟಿಗೆಯೊಳಗೂ ಚಾಕು ಕ್ಷೇಮವಾಗಿರುವುದಿಲ್ಲ. 20ನೆಯ ಶತಮಾನದ ಮೊದಲರ್ಧದಲ್ಲಿ ಬಣ್ಣಬಣ್ಣದ ಹಿಡಿಗಳಿಗೆ ಧಾರಾಳವಾಗಿ ಬಳಸಿದ ಸೆಲ್ಯುಲಾಯ್ಡ್ ಕಾಲ ಕಳೆದಂತೆ ಒಡೆದು ಆಮ್ಲದ ಅನಿಲ ಬಿಡುತ್ತದೆ. ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ಆ ಚಾಕುವಷ್ಟೇ ಅಲ್ಲ, ಪಕ್ಕದಲ್ಲಿರುವವುಗಳ ಅಲಗೂ ತುಕ್ಕು ಹಿಡಿದು ತಿಂದುಹೋಗುತ್ತದೆ. ಚರ್ಮದ ಚೀಲದಲ್ಲಿ ವರ್ಷಗಟ್ಟಲೆ ಇಟ್ಟ ಕಾರ್ಬನ್ ಉಕ್ಕಿನ ಅಲಗಿಗೂ ಚರ್ಮದ ತೇವ ಮತ್ತು ಆಮ್ಲ ಹಾನಿ ಮಾಡುತ್ತವೆ. ಎಣ್ಣೆ ಕಾಣದ ಕೀಲು ಬಿಗಿದುಕೊಳ್ಳುತ್ತದೆ. ದಿನವೂ ಒಯ್ದು, ಒರೆಸಿ, ಆಗಾಗ ಒಂದು ಹನಿ ಎಣ್ಣೆ ಬಿಟ್ಟ ಚಾಕುವಿನ ಅಲಗಿನ ಮೇಲೆ ಹಣ್ಣು ತರಕಾರಿಯ ರಸ ತಾಗಿ ಬೂದುನೀಲಿಯ ತೆಳು ಪೊರೆ ಕಟ್ಟುತ್ತದೆ, ಅದು ಕೆಂಪು ತುಕ್ಕು ಏರದಂತೆ ಒಂದು ಮಟ್ಟಿಗೆ ಕಾಯುತ್ತದೆ. ಸಂಗ್ರಹಕಾರರು ಇದನ್ನು ಕಲೆಯೆಂದು ಉಜ್ಜಿ ತೆಗೆದು ಹೊಳಪು ಕೊಡಿಸಿದಾಗ, ಮೂಲ ಮೈಯೂ ಅದರೊಂದಿಗೆ ಹೋಗುತ್ತದೆ. ಬಹುಸಂಖ್ಯೆಯಲ್ಲಿ ಉಳಿದಿರುವ ಸಾಮಾನ್ಯ ಚಾಕುಗಳ ಮಟ್ಟಿಗೆ, ಹದವರಿತು ಬಳಸುವುದೇ ಕಾಪಾಡುವ ಒಳ್ಳೆಯ ದಾರಿ ಎಂದು ಧೈರ್ಯವಾಗಿ ಹೇಳಬಹುದು.

ಹಿಡಿಯ ವಸ್ತುವಿನ ವಿಷಯದಲ್ಲಿ ಸಂಗ್ರಹಕಾರರ ಹೊಣೆ ಕರ್ನಾಟಕದ ಕಾಡುಗಳವರೆಗೂ ಚಾಚುತ್ತದೆ. ಬಂಡೀಪುರ, ನಾಗರಹೊಳೆಗಳಲ್ಲಿ ಕಾಣುವ ಕಡವೆಯ ಕವಲುಕೊಂಬು ಬೇರೆ ಜಿಂಕೆಗಳದ್ದಕ್ಕಿಂತ ಗಟ್ಟಿ. ಒಳಗಿನ ಮೆದುಭಾಗ ಕಡಿಮೆ. ಶೆಫೀಲ್ಡ್, ಜರ್ಮನಿಯ ಸೋಲಿಂಗೆನ್, ಅಮೆರಿಕದ ಕಾರ್ಖಾನೆಗಳಿಗೆ ಬೇಕಾದ ಒಳ್ಳೆಯ ಕೊಂಬು ಬಹುಕಾಲ ಭಾರತದಿಂದ ಹೋಗುತ್ತಿತ್ತು. ದನದ ಕಾಲೆಲುಬನ್ನು ಕೊರೆದು, ಬಣ್ಣ ಹಾಕಿ ಹಿಡಿ ಮಾಡುವ ರೂಢಿ ಶುರುವಾದದ್ದೇ ಈ ಕೊಂಬಿನ ಅಗ್ಗದ ಅನುಕರಣೆಯಾಗಿ. 1990ರ ದಶಕದ ಕೊನೆಯ ಹೊತ್ತಿಗೆ ಭಾರತ ಉದುರಿದ ಕೊಂಬಿನ ರಫ್ತನ್ನೂ ನಿಲ್ಲಿಸಿತು. ಉದುರಿದ್ದನ್ನು ಆಯ್ದರೆ ಪ್ರಾಣಿಗೇನು ನಷ್ಟ ಎಂದು ಕೇಳುವವರಿದ್ದಾರೆ. ಉದುರಿದ ಕೊಂಬು ಯಾವುದು, ಕೊಂದು ತೆಗೆದದ್ದು ಯಾವುದೆಂದು ಹಡಗು ಏರಿದ ಮೇಲೆ ಹೇಳಲಾಗದು. ಕಡವೆಯ ಉಳಿವಿಗೆ ಆ ನಿಷೇಧ ಬೇಕಾಗಿತ್ತು. ದಂತಕ್ಕೂ ಇದೇ ಮಾತು. ಕೊರೆದ ಎಲುಬಿನ ಹಿಡಿ ಕೈಗೆ ಅಷ್ಟೇ ಚೆನ್ನಾಗಿ ಒಗ್ಗುತ್ತದೆ, ಒಯ್ಯುವವರಿಗೆ ಅಷ್ಟು ಸಾಕು. ಕೊಂಬಿನ ಬೆಲೆಯನ್ನು ಏರಿಸುತ್ತ ಹೋಗಿರುವುದು ಬಳಕೆಯಿಲ್ಲದ ಸಂಗ್ರಹದ ಪೈಪೋಟಿ.

ಬಳಕೆ ಕಡಿಮೆಯಾದಾಗ ಕಸುಬು ಏನಾಗುತ್ತದೆಂಬುದಕ್ಕೆ ಶೆಫೀಲ್ಡೇ ನಿದರ್ಶನ. ಸ್ವಂತ ಕೋಣೆಯಲ್ಲಿ ಒಬ್ಬರೋ ಇಬ್ಬರೋ ಕುಳಿತು ಚಾಕು ಮಾಡುತ್ತಿದ್ದ ಸಣ್ಣ ಕಸುಬುದಾರರ ಪೈಕಿ ಸ್ಟಾನ್ ಶಾ ಕೊನೆಯವರಲ್ಲಿ ಒಬ್ಬರು. 1926ರಲ್ಲಿ ಹುಟ್ಟಿದ ಅವರು ಹುಡುಗನಾಗಿದ್ದಾಗಲೇ ಜಾರ್ಜ್ ಇಬರ್ಸನ್ ಸಂಸ್ಥೆಯಲ್ಲಿ ಕಲಿಯತೊಡಗಿ, 2021ರಲ್ಲಿ ತೀರಿಕೊಂಡರು. 2017ರಲ್ಲಿ ಅವರಿಗೆ ಬ್ರಿಟಿಷ್ ಎಂಪೈರ್ ಪದಕ ಸಂದಿತ್ತು. ಅಮೆರಿಕದಲ್ಲಿ ಶ್ರೇಡ್ ಚಾಕು ಕಂಪನಿ 2004ರಲ್ಲಿ, ಕ್ಯಾಮಿಲಸ್ ಕಂಪನಿ 2007ರಲ್ಲಿ ಬಾಗಿಲು ಹಾಕಿದವು. ಅದೇ ಹೊತ್ತಿಗೆ, 2006ರಲ್ಲಿ, ಪೆನ್ಸಿಲ್ವೇನಿಯಾದ ಟೈಟಸ್‌ವಿಲ್‌ನಲ್ಲಿ ಗ್ರೇಟ್ ಈಸ್ಟರ್ನ್ ಕಟ್ಲರಿ ಶುರುವಾಗಿ, ಹಳೆಯ ಬಗೆಗಳನ್ನು ಕಾರ್ಬನ್ ಉಕ್ಕಿನಲ್ಲಿ ಮತ್ತೆ ಮಾಡತೊಡಗಿತು. ಲಗ್ಯೋಲ್‌ನಲ್ಲಿ ಚಾಕು ತಯಾರಿಕೆ ಬಹುತೇಕ ಥಿಯೆರ್‌ಗೆ ಹೋಗಿ, 1987ರಲ್ಲಿ ಹೊಸ ಕಾರ್ಖಾನೆಯೊಂದರ ಮೂಲಕ ಊರಿಗೆ ಮರಳಿತು. ಆದರೆ ಹೆಸರಿನ ಹಕ್ಕು ಬೇರೆಯವರ ಪಾಲಾಗಿದ್ದರಿಂದ ನ್ಯಾಯಾಲಯಗಳಲ್ಲಿ ದಶಕಗಟ್ಟಲೆ ಹೋರಾಡಬೇಕಾಯಿತು. 2012ರಲ್ಲಿ ತೀರ್ಪು ವಿರುದ್ಧ ಬಂದಾಗ ಊರವರು ಪ್ರತಿಭಟನೆಗಾಗಿ ತಮ್ಮ ಊರಿನ ನಾಮಫಲಕವನ್ನೇ ಕಿತ್ತರು. ಕತ್ತರಿ, ಬ್ಲೇಡು, ಪ್ಯಾಕೆಟ್ ಕತ್ತರಿಸುವ ಅಗ್ಗದ ಕಟರುಗಳಿರುವಾಗ ಮಡಚು ಚಾಕು ಯಾರಿಗೆ ಬೇಕು ಎಂಬ ಪ್ರಶ್ನೆ ಸಹಜ. ಅವೆಲ್ಲ ಒಂದೊಂದು ಕೆಲಸಕ್ಕೆ ಒದಗುತ್ತವೆ, ಒಂದೊಂದು ಜಾಗದಲ್ಲಿ ಇರುತ್ತವೆ. ಕೆಲಸ ಎದುರಾದಾಗ ಕೈಗೆಟುಕುವಂತಿರುವುದು, ಮೊಂಡಾದರೆ ಎಸೆಯದೆ ಸಾಣೆ ಹಿಡಿದು ಇನ್ನೊಂದು ತಲೆಮಾರಿಗೆ ಕೊಡಬಹುದಾದದ್ದು ಅವುಗಳಲ್ಲಿ ಯಾವುದೂ ಇಲ್ಲ.

ಭಾರತದಲ್ಲಿ ಮಡಚು ಚಾಕುವಿಗೆ ಹೆಸರಾದ ಊರು ಉತ್ತರ ಪ್ರದೇಶದ ರಾಂಪುರ. ನವಾಬರ ಕಾಲದಲ್ಲಿ ಕತ್ತಿ ಮಾಡುತ್ತಿದ್ದ ಕೈಗಳು ಬಂದೂಕು ಬಂದ ಮೇಲೆ ಚಾಕುವಿನತ್ತ ತಿರುಗಿದವು. ತೆರೆಯುವಾಗ ಹಲ್ಲುಗಾಲಿ ಕಟಕಟ ಸದ್ದು ಮಾಡುವ ಉದ್ದ ಅಲಗಿನ ರಾಂಪುರಿ ಚಾಕುವನ್ನು ಕನ್ನಡಿಗರೂ ಸೇರಿದಂತೆ ದೇಶದ ಬಹುಜನ ನೋಡಿದ್ದು ಹಿಂದಿ ಸಿನಿಮಾಗಳ ಖಳರ ಕೈಯಲ್ಲಿ. ಸಿನಿಮಾ ಕೊಟ್ಟ ಖ್ಯಾತಿಯೇ ಅದಕ್ಕೆ ಮುಳುವಾಯಿತು. 1990ರ ದಶಕದಲ್ಲಿ ರಾಜ್ಯ ಸರ್ಕಾರ ನಾಲ್ಕೂವರೆ ಅಂಗುಲಕ್ಕಿಂತ ಉದ್ದದ ಅಲಗನ್ನು ನಿಷೇಧಿಸಿತು, ಕಾರ್ಯಾಗಾರಗಳು ಒಂದೊಂದಾಗಿ ಮುಚ್ಚಿದವು. 2023ರಲ್ಲಿ ಊರಿನ ವೃತ್ತವೊಂದರಲ್ಲಿ 20 ಅಡಿಯ ಬೃಹತ್ ಚಾಕುವನ್ನು ನಿಲ್ಲಿಸಲಾಯಿತು. ನಾರ್ಫೋಕ್ ಚಾಕುವಿನ ಹಾಗೆ ಇದೂ ನೋಡಲು ಮಾತ್ರ ಇರುವಂಥದ್ದು, ಇದರಿಂದ ಒಬ್ಬ ಕಸುಬುದಾರನಿಗೂ ದಿನದ ಕೆಲಸ ಹುಟ್ಟುವುದಿಲ್ಲ. ನಿಷೇಧದ ಅಳತೆಯೊಳಗೇ ಸಾಕಷ್ಟು ಜಾಗವಿದೆ: ಮೂರು ಅಂಗುಲದೊಳಗಿನ ಅಲಗು, ಹಲ್ಲುಗಾಲಿಯ ಬದಲು ಬೆನ್ನಿನ ಸ್ಪ್ರಿಂಗು, ಎಮ್ಮೆಕೊಂಬಿನ ಹಿಡಿ, ತೋಟದಲ್ಲಿ ಕಸಿ ಕಟ್ಟುವವರಿಗೆ, ಅಡಿಕೆ ಹೋಳು ಮಾಡುವವರಿಗೆ, ಪ್ರವಾಸದಲ್ಲಿ ಹಣ್ಣು ಹೆಚ್ಚುವವರಿಗೆ ಒದಗುವ ಅಂಥ ಚಾಕುವನ್ನು ಮಾಡಲು ಬೇಕಾದ ಕೈಗಳು ರಾಂಪುರದಲ್ಲಿ ಇನ್ನೂ ಕೆಲವು ಉಳಿದಿವೆ.